ತಿಂಗಳು ತುಂಬದ ಕೂಸಿಗೆ ಏನು ಬೇಕು?

ಹೆರಿಗೆಯ ದಿನಗಳು ಸಮೀಪಿಸಿದುವೆಂದರೆ ಹಿಂದಿನ ಕಾಲದ ಅಜ್ಜಿಯರು ಹಳೆಯ ಪೆಟ್ಟಿಗೆಯನ್ನು ತೆರೆದು ಎರಡು ವಸ್ತುಗಳನ್ನು ತಪ್ಪದೆ ಹೊರತೆಗೆಯುತ್ತಿದ್ದರು: ಒಂದು ಕುಲಾವಿ, ಇನ್ನೊಂದು ಒಳಲೆ. ಇಂದು ಆ ಪೆಟ್ಟಿಗೆಯ ಸ್ಥಾನವನ್ನು ಅಂಗಡಿ ಆಕ್ರಮಿಸಿದೆ. ಹಾಲೂಡಿಸುವ ಸೀಸೆಗಳು, ಹಾಲು ಹಿಂಡುವ ಪಂಪುಗಳು, ಮೆತ್ತನೆಯ ದಿಂಬುಗಳು, ಸೀಸೆಯನ್ನು ಬೆಚ್ಚಗಿಡುವ ವಿದ್ಯುತ್ ಪಾತ್ರೆಗಳು, ಒಂದೇ ಎರಡೇ! ತುಂಬು ತಿಂಗಳಿನ ದೃಢಕಾಯ ಶಿಶುವಿನ ವಿಷಯದಲ್ಲಿ ಆಯ್ಕೆ ತುಸು ತಪ್ಪಿದರೂ ನಷ್ಟವಾಗುವುದು ಹೆಚ್ಚಾಗಿ ಹಣ ಮಾತ್ರ. ಆದರೆ ಕೂಸು ಎಂಟನೆಯ ತಿಂಗಳಿನಲ್ಲಿಯೇ ಹುಟ್ಟಿ, ಒಂದೂವರೆ ಕಿಲೋಗ್ರಾಮ್ ಮಾತ್ರ ತೂಗುತ್ತಿದ್ದರೆ? ಆಗ ಕೊಳ್ಳುವ ವಸ್ತುವೂ ಪ್ರಾಣದ ಪ್ರಶ್ನೆಯಾಗುತ್ತದೆ, ಕೊಳ್ಳದೆ ಬಿಡುವ ವಸ್ತುವೂ ಪ್ರಾಣದ ಪ್ರಶ್ನೆಯಾಗುತ್ತದೆ.

ಗರ್ಭದ ೩೭ ವಾರಗಳು ತುಂಬುವ ಮೊದಲೇ ಜನಿಸಿದ ಶಿಶುವನ್ನು ಅಕಾಲಜಾತ ಶಿಶುವೆಂದು ಕರೆಯುವುದು ವಾಡಿಕೆ. ಇಂತಹ ಶಿಶುವಿಗೆ ಮೊದಲ ಶತ್ರು ಚಳಿ. ಚಳಿ ಎಂದೊಡನೆ ಮಡಿಕೇರಿಯ ಮಳೆಗಾಲವನ್ನೇ ನೆನೆಯಬೇಕಾಗಿಲ್ಲ. ನಮಗೆ ಹಿತವೆನಿಸುವ ೨೫ ಡಿಗ್ರಿ ಸೆಂಟಿಗ್ರೇಡಿನ ಕೋಣೆಯೂ ಈ ಕೂಸಿಗೆ ಚಳಿಯೇ. ಇದಕ್ಕೆ ಕಾರಣ ಸರಳವಾದ ಗಣಿತ. ದೇಹವು ಶಾಖವನ್ನು ಕಳೆದುಕೊಳ್ಳುವುದು ಚರ್ಮದ ಮೂಲಕ. ಕೂಡಿಡುವುದು ತನ್ನ ದ್ರವ್ಯರಾಶಿಯಲ್ಲಿ. ಅರುವತ್ತು ಕಿಲೋಗ್ರಾಮಿನ ವಯಸ್ಕನ ಚರ್ಮದ ವಿಸ್ತೀರ್ಣ ಸುಮಾರು ೧.೬ ಚದರ ಮೀಟರು. ಒಂದು ಕಿಲೋಗ್ರಾಮಿನ ಶಿಶುವಿನದು ಸುಮಾರು ೦.೧ ಚದರ ಮೀಟರು. ಭಾಗಿಸಿ ನೋಡಿದರೆ, ಕಿಲೋಗ್ರಾಮ್ ಒಂದಕ್ಕೆ ಶಿಶುವಿನ ಚರ್ಮ ನಮ್ಮದರ ಸುಮಾರು ನಾಲ್ಕರಷ್ಟು! ಸಣ್ಣ ಲೋಟದ ಕಾಫಿ ದೊಡ್ಡ ಹಂಡೆಯ ನೀರಿಗಿಂತ ಬೇಗ ಆರುವುದು ಈ ನಿಯಮದಿಂದಲೇ. ಸಾಲದುದಕ್ಕೆ, ಚರ್ಮದಡಿಯ ಕೊಬ್ಬೂ, ನವಜಾತರಲ್ಲಿ ಉರಿದು ಶಾಖ ಕೊಡುವ ಕಂದು ಕೊಬ್ಬೂ ಗರ್ಭದ ಕಡೆಯ ತಿಂಗಳುಗಳಲ್ಲಿ ಶೇಖರವಾಗತಕ್ಕವು. ಮುಂಚೆ ಬಂದ ಕೂಸು ಅವನ್ನು ಪಡೆಯದೆಯೇ ಬಂದಿರುತ್ತದೆ. ನಮ್ಮಂತೆ ನಡುಗಿ ಮೈಬಿಸಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ.

ಹುಟ್ಟಿದ ಕ್ಷಣದಲ್ಲಂತೂ ಮೈಯೆಲ್ಲ ಒದ್ದೆ. ದೇಹದ ಉಷ್ಣತೆಯಲ್ಲಿ ಒಂದು ಗ್ರಾಮ್ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಹತ್ತು ಗ್ರಾಮ್ ನೀರು ಮೈಮೇಲೆಯೇ ಆರಿತೆನ್ನಿ. ಅಷ್ಟು ಶಾಖವನ್ನೂ ಮೈಯೇ ತೆತ್ತರೆ ಒಂದೂವರೆ ಕಿಲೋಗ್ರಾಮಿನ ಶಿಶುವಿನ ಉಷ್ಣತೆ ನಾಲ್ಕು ಡಿಗ್ರಿಗಿಂತ ಹೆಚ್ಚು ಕುಸಿಯುತ್ತದೆ. ಆದುದರಿಂದ ಮೊಟ್ಟಮೊದಲು ಬೇಕಾದ ಸಲಕರಣೆ ಒಣಗಿದ, ಶುಭ್ರವಾದ ಎರಡು ಹತ್ತಿಯ ವಸ್ತ್ರಗಳು: ಒಂದು ಒರಸಲು, ಇನ್ನೊಂದು ಸುತ್ತಲು. ಹುಟ್ಟಿದೊಡನೆ ನೀರೆರೆಯುವ ಪದ್ಧತಿ ಎಷ್ಟು ಹಳೆಯದಾದರೂ ಬಿಡತಕ್ಕದ್ದೇ. ವಿಶ್ವ ಆರೋಗ್ಯ ಸಂಸ್ಥೆ ತುಂಬು ತಿಂಗಳಿನ ಶಿಶುವಿಗೂ ಕನಿಷ್ಠ ೨೪ ಗಂಟೆ ಸ್ನಾನ ಬೇಡವೆನ್ನುತ್ತದೆ.

ಶಾಖವನ್ನು ಯಂತ್ರದಿಂದ ಒದಗಿಸುವ ಯೋಚನೆ ಬಂದುದು ಕೋಳಿಯ ಮೊಟ್ಟೆಗಳಿಂದ. ಪ್ಯಾರಿಸಿನ ಪ್ರಸೂತಿ ವೈದ್ಯ ಸ್ತೆಫಾನ್ ತಾರ್ನಿಯೆ ಅಲ್ಲಿನ ಪ್ರಾಣಿ ಉದ್ಯಾನದಲ್ಲಿ ಮರಿಮಾಡುವ ಪೆಟ್ಟಿಗೆಗಳನ್ನು ಕಂಡು, ಅದೇ ಮಾದರಿಯ ಪೆಟ್ಟಿಗೆಯನ್ನು ಮಾಡಿಸಿ, ೧೮೮೦ ರಲ್ಲಿ ಆಸ್ಪತ್ರೆಯಲ್ಲಿ ಬಳಕೆಗೆ ತಂದನು. ಎರಡು ಕಿಲೋಗ್ರಾಮಿಗಿಂತ ಕಡಮೆ ತೂಕದ ಶಿಶುಗಳಲ್ಲಿ ಸಾವು ಶೇಕಡ ೬೬ ರಿಂದ ೩೮ ಕ್ಕೆ ಇಳಿಯಿತು. ಮರದ ಪೆಟ್ಟಿಗೆ, ಬಿಸಿನೀರು, ಮೇಲೊಂದು ಗಾಜು, ಇಷ್ಟರಿಂದಲೇ! ಮುಂದೆ ೧೯೫೮ ರಲ್ಲಿ ನ್ಯೂಯಾರ್ಕಿನ ವಿಲಿಯಂ ಸಿಲ್ವರ್ಮನ್ ಮತ್ತು ಸಂಗಡಿಗರು ಪೆಟ್ಟಿಗೆಯ ಉಷ್ಣತೆಯನ್ನು ಮೂರು ಡಿಗ್ರಿಯಷ್ಟು ಹೆಚ್ಚಿಸಿದರೆ ನೂರಕ್ಕೆ ಹದಿನೈದು ಶಿಶುಗಳು ಹೆಚ್ಚಾಗಿ ಬದುಕುತ್ತವೆಂದು ತೋರಿಸಿದರು. ಮೂರು ಡಿಗ್ರಿ ಎಂದರೆ ನಮ್ಮ ಗಮನಕ್ಕೇ ಬಾರದಷ್ಟು ವ್ಯತ್ಯಾಸ.

ಯಂತ್ರ ಸಾಲದಾದ ಕಡೆ ಇನ್ನೊಂದು ದಾರಿ ತೆರೆಯಿತು. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಶಿಶುಗಳು ಹೆಚ್ಚು, ಪೆಟ್ಟಿಗೆಗಳು ಕಡಮೆ. ಒಂದೇ ಪೆಟ್ಟಿಗೆಯಲ್ಲಿ ಹಲವು ಶಿಶುಗಳನ್ನು ಮಲಗಿಸಿದುದರಿಂದ ಒಂದರ ಸೋಂಕು ಮತ್ತೊಂದಕ್ಕೆ ತಗಲುತ್ತಿದ್ದಿತು. ೧೯೭೮ ರಲ್ಲಿ ಎಡ್ಗರ್ ರೇ ಎಂಬ ವೈದ್ಯನೂ, ಅನಂತರ ಆತನೊಡನೆ ಸೇರಿದ ಹೆಕ್ಟರ್ ಮಾರ್ಟಿನೆಸ್‌ನೂ, ಶಿಶುವನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ, ನೆಟ್ಟಗೆ ಕಟ್ಟಿಬಿಡುವ ಕ್ರಮವನ್ನು ಆರಂಭಿಸಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವುದಷ್ಟೆ. ಅದರಿಂದ ‘ಕಾಂಗರೂ ತಾಯಿ ಆರೈಕೆ’ ಎಂಬ ಹೆಸರು ನಿಂತಿತು. ಬಡವರ ಪಾಲಿನ ಬದಲಿ ವ್ಯವಸ್ಥೆಯೆಂದು ಇದನ್ನು ಬಹಳ ಕಾಲ ಕಡೆಗಣಿಸಿದವರುಂಟು. ಆದರೆ ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ೩,೨೧೧ ಶಿಶುಗಳ ಮೇಲೆ ನಡೆದು ೨೦೨೧ ರಲ್ಲಿ ಪ್ರಕಟವಾದ ಪರೀಕ್ಷೆ ಈ ಅಭಿಪ್ರಾಯವನ್ನು ತಲೆಕೆಳಗು ಮಾಡಿತು. ಸ್ಥಿತಿ ಸುಧಾರಿಸಲೆಂದು ಕಾಯದೆ, ಹುಟ್ಟಿದೊಡನೆಯೇ ಈ ಆರೈಕೆಯನ್ನು ಆರಂಭಿಸಿದಾಗ ಮೊದಲ ೨೮ ದಿನಗಳ ಸಾವು ಶೇಕಡ ೧೫.೭ ರಿಂದ ೧೨ ಕ್ಕೆ ಇಳಿಯಿತು. ದಿನಕ್ಕೆ ಎಂಟರಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೆ ಹೀಗೆ ಹೊರಬೇಕೆಂಬುದು ೨೦೨೨ ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಕ್ರಮವನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ಹರಡಿ ಅಭ್ಯಸಿಸಿದ್ದಾರೆ. ತಾಯಿಗೆ ಆಯಾಸವಾದಾಗ ತಂದೆಯೋ ಅಜ್ಜಿಯೋ ಹೊರಬಹುದು. ಬೇಕಾಗುವ ಸಲಕರಣೆ ಒಂದು ಉದ್ದನೆಯ ಮೆದುವಾದ ಬಟ್ಟೆ. ಹಳೆಯ ಹತ್ತಿಯ ಸೀರೆಯೇ ಸಾಕು. ಕೂಸಿನ ಮೂಗು ಬಾಯಿಗಳು ಮುಚ್ಚದಂತೆ, ಕತ್ತು ಎದೆಯ ಕಡೆ ಮಡಿಸದಂತೆ ಕಟ್ಟುವುದನ್ನು ಮಾತ್ರ ದಾದಿಯರಿಂದ ಕಲಿಯಬೇಕು.

ಎದೆಯಿಂದ ಇಳಿಸಿದಾಗ ಕುಲಾವಿ ಬೇಕೇಬೇಕು. ಶಿಶುವಿನ ಮೈಯ ವಿಸ್ತೀರ್ಣದಲ್ಲಿ ತಲೆಯದೇ ಐದನೆಯ ಒಂದು ಪಾಲು. ಅಜ್ಜಿಯರು ಈ ಲೆಕ್ಕ ಹಾಕದೆಯೇ ಸರಿಯಾದುದನ್ನು ಹೊಲಿದಿದ್ದರು. ಆದರೆ ಗಲ್ಲದ ಕೆಳಗೆ ಬಿಗಿಯುವ ದಾರವಿರಬಾರದು. ಒಂದೇ ದಪ್ಪ ಅಂಗಿಗಿಂತ ಎರಡು ತೆಳು ಅಂಗಿಗಳು ಮೇಲು. ನಡುವೆ ಸಿಕ್ಕಿದ ಗಾಳಿ ಶಾಖವನ್ನು ತಡೆಯುತ್ತದೆ. ಹಾಸಿಗೆ ಸಮತಲವಾಗಿ ಗಟ್ಟಿಯಾಗಿರಲಿ. ದಿಂಬು ಬೇಡ; ಉಸಿರು ಕಟ್ಟುವುದಕ್ಕೆ ಮೆತ್ತನೆಯ ದಿಂಬೇ ಸಾಕು. ಬಿಸಿನೀರಿನ ಚೀಲವೂ ಬೇಡ. ಹಸುಗೂಸಿನ ಚರ್ಮ ಬೇಗ ಸುಡುತ್ತದೆ. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು, ಬಾಗಿಲು ಮುಚ್ಚಿ, ಸಾಂಬ್ರಾಣಿ ಹೊಗೆ ತುಂಬುವ ರೂಢಿಯ ವಿಷಯದಲ್ಲಿ ಮಾತ್ರ ಅಜ್ಜಿಯರ ಪಕ್ಷ ವಹಿಸಲಾರೆವು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಲಿಯದ ಶ್ವಾಸಕೋಶಕ್ಕೆ ಅದು ವಿಷ.

ಕೂಸು ಬೆಚ್ಚಗಿದೆಯೇ ಎಂದರಿಯಲು ಉಷ್ಣಮಾಪಕವೊಂದನ್ನು ಕೊಳ್ಳುವುದು ಉಚಿತ, ಕಂಕುಳಲ್ಲಿ ೩೬.೫ ರಿಂದ ೩೭.೫ ಡಿಗ್ರಿ ಇರಬೇಕು. ಅದಿಲ್ಲದಾಗ ಕೈಯೇ ಮಾಪಕ. ಹೊಟ್ಟೆಯೂ ಪಾದವೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಶಿಶು ಚಳಿಯೊಡನೆ ಹೋರಾಡುತ್ತಿದೆಯೆಂದು ಅರ್ಥ. ಎರಡೂ ತಣ್ಣಗಾಗಿದ್ದರೆ ಕೂಸನ್ನು ಎದೆಗವಚಿಕೊಂಡು ಒಡನೆ ಆಸ್ಪತ್ರೆಗೆ ಧಾವಿಸಬೇಕು.

ಇನ್ನು ಹಾಲಿನ ಮಾತು. ಹೀರುವುದು, ನುಂಗುವುದು, ಉಸಿರಾಡುವುದು ಇವು ಮೂರನ್ನೂ ತಾಳತಪ್ಪದೆ ನಡೆಸುವ ಸಾಮರ್ಥ್ಯ ಶಿಶುವಿಗೆ ಸುಮಾರು ೩೪ ನೆಯ ವಾರದ ಹೊತ್ತಿಗೆ ಬರುತ್ತದೆ. ಅದಕ್ಕೆ ಬಹಳ ಮುಂಚೆ ಹುಟ್ಟಿದವುಗಳಿಗೆ ಆಸ್ಪತ್ರೆಯಲ್ಲಿ ಕೊಳವೆಯ ಮೂಲಕ ಹಾಲೂಡಿಸುತ್ತಾರೆ. ನಡುವಣ ಕೆಲವು ವಾರಗಳು ಕೂಸು ನುಂಗಬಲ್ಲುದು, ಆದರೆ ಚೆನ್ನಾಗಿ ಹೀರಲಾರದು. ಗೃಹಸ್ಥರು ಸೀಸೆ ಕೊಳ್ಳಲು ಓಡುವುದು ಈ ಸಂಧಿಕಾಲದಲ್ಲಿಯೇ.

ಸೀಸೆಯ ಚರಿತ್ರೆ ಅಷ್ಟೇನೂ ಶುಭವಾದುದಲ್ಲ. ೧೮೪೫ ರಲ್ಲಿ ಅಮೆರಿಕದಲ್ಲಿ ರಬ್ಬರಿನ ತೊಟ್ಟಿಗೆ ಪೇಟೆಂಟ್ ದೊರೆಯಿತು. ಅನಂತರ ಯೂರೋಪಿನಲ್ಲಿ ಉದ್ದನೆಯ ರಬ್ಬರ್ ನಳಿಕೆಯುಳ್ಳ ಸೀಸೆಗಳು ಮನೆಮನೆಗೂ ಬಂದುವು. ಸೀಸೆಯನ್ನು ಪಕ್ಕದಲ್ಲಿಟ್ಟರೆ ಮಗು ತಾನೇ ಹೀರಿಕೊಳ್ಳುವುದು, ತಾಯಿಗೆ ಬಿಡುವು. ಆದರೆ ನಳಿಕೆಯ ಒಳಗನ್ನು ತೊಳೆಯುವವರು ಯಾರು? ಅಲ್ಲಿ ಉಳಿದ ಹಾಲು ಕೊಳೆತು, ರೋಗಾಣುಗಳ ತವರಾಗಿ, ಲೆಕ್ಕವಿಲ್ಲದಷ್ಟು ಮಕ್ಕಳು ಭೇದಿಯಿಂದ ಸತ್ತವು. ಆಂಗ್ಲರು ಇದನ್ನು ಕೊಲೆಗಡುಕ ಸೀಸೆ ಎಂದೇ ಕರೆದರು; ಫ್ರಾನ್ಸ್ ದೇಶ ೧೯೧೦ ರಲ್ಲಿ ಕಾನೂನಿನಿಂದ ನಿಷೇಧಿಸಿತು. ಇಂದಿನ ಸೀಸೆಯಲ್ಲಿ ಆ ನಳಿಕೆಯಿಲ್ಲ, ನಿಜ. ಆದರೂ ಮೂಲೆ, ಸುರುಳಿ, ತೊಟ್ಟಿನ ಸಂದುಗಳು ಇದ್ದೇ ಇವೆ. ಪಾತ್ರೆಯ ಒಳಗೆಲ್ಲ ಕಣ್ಣು ಕಾಣಬೇಕು, ಬೆರಳು ತಲಪಬೇಕು. ಈ ಪರೀಕ್ಷೆಯಲ್ಲಿ ರಬ್ಬರ್ ಗುಂಡಿನ ಅಗ್ಗದ ಹಾಲುಪಂಪು ಮೊದಲೇ ಸೋಲುತ್ತದೆ. ಅದರ ಗುಂಡನ್ನು ಶುದ್ಧಮಾಡುವುದು ದುಸ್ಸಾಧ್ಯ. ತೊಳೆದ ಕೈ, ಅಗಲ ಬಾಯಿಯ ಉಕ್ಕಿನ ಬಟ್ಟಲು ಇವೇ ಉತ್ತಮ.

ಹಿಂಡಿದ ತಾಯಿಹಾಲು ೨೫ ಡಿಗ್ರಿಯಲ್ಲಿ ನಾಲ್ಕು ಗಂಟೆ ಕೆಡದೆ ಇರುತ್ತದೆ. ರಾಯಚೂರಿನ ಬೇಸಗೆಯಲ್ಲಿ ಅಷ್ಟು ಹೊತ್ತು ನೆಚ್ಚುವಂತಿಲ್ಲ. ಅವಧಿಗೆ ಮುಂಚೆ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನು ಹೆಚ್ಚಾಗಿರುವುದು ಸೃಷ್ಟಿಯ ಒಂದು ಚಮತ್ಕಾರ. ಡಬ್ಬಿಯ ಹಾಲನ್ನೇ ಕುಡಿದ ಅಕಾಲಜಾತ ಶಿಶುಗಳಲ್ಲಿ ಕರುಳು ಕೊಳೆಯುವ ಘೋರವ್ಯಾಧಿ ತಾಯಿಹಾಲನ್ನೇ ಕುಡಿದವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚೆಂದು ಇಂಗ್ಲೆಂಡಿನಲ್ಲಿ ಲೂಕಸ್ ಮತ್ತು ಕೋಲ್ ೧೯೯೦ ರಲ್ಲಿ ತೋರಿಸಿದರು. ತಾಯಿಯ ಹಾಲು ಸಾಲದಾದರೆ ಇತರ ತಾಯಂದಿರು ದಾನವಿತ್ತ ಹಾಲಿನ ಭಂಡಾರಗಳುಂಟು. ಏಷ್ಯದ ಮೊದಲನೆಯ ಭಂಡಾರವನ್ನು ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ೧೯೮೯ ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ತೆರೆದರು. ಹಾಲಿನ ಪುಡಿ, ಸೀಸೆಗಳ ಜಾಹೀರಾತನ್ನು ನಮ್ಮ ದೇಶದಲ್ಲಿ ೧೯೯೨ ರ ಕಾಯಿದೆ ನಿಷೇಧಿಸಿರುವುದಕ್ಕೆ ಇಂತಹ ಕಾರಣಗಳೇ ಹಿನ್ನೆಲೆ.

ಹಾಲೆಷ್ಟು ಬೇಕು? ಅದನ್ನು ವೈದ್ಯರೇ ಗೊತ್ತುಮಾಡಬೇಕು. ಸಾಮಾನ್ಯವಾಗಿ ಮೊದಲ ದಿನ ಕಿಲೋಗ್ರಾಮಿಗೆ ೬೦ ರಿಂದ ೮೦ ಮಿಲಿಲೀಟರು. ಒಂದೂವರೆ ಕಿಲೋಗ್ರಾಮಿನ ಕೂಸಿಗೆ ಎರಡು ಗಂಟೆಗೊಮ್ಮೆ ಹಂಚಿದರೆ, ಸಲವೊಂದಕ್ಕೆ ಏಳೂವರೆಯಿಂದ ಹತ್ತು ಮಿಲಿಲೀಟರು. ಇನ್ನೂರೈವತ್ತು ಮಿಲಿಲೀಟರಿನ ಸೀಸೆಗೆ ಇಲ್ಲಿ ಏನು ಕೆಲಸ? ಆ ಹತ್ತು ಮಿಲಿಲೀಟರು ಹೆಚ್ಚುಕಡಮೆ ಒಂದು ಒಳಲೆಯ ತುಂಬ! ಇದಕ್ಕೆ ತಮಿಳಿನಲ್ಲಿ ಪಾಲಾಡೈ ಎಂದು ಹೆಸರು. ಆ ಹೆಸರಿನಿಂದಲೇ ಇದು ವಿಶ್ವ ಆರೋಗ್ಯ ಸಂಸ್ಥೆಯ ಗ್ರಂಥಗಳಲ್ಲಿ ಸೇರಿದೆ. ಆದರೆ ಕೂಸನ್ನು ಅಂಗಾತ ಮಲಗಿಸಿ, ಮೂಗು ಹಿಡಿದು, ಹರಳೆಣ್ಣೆ ಹೊಯ್ಯುತ್ತಿದ್ದ ಹಳೆಯ ರೀತಿ ಸಲ್ಲದು. ಹಾಗೆ ಹೊಯ್ದುದು ಶ್ವಾಸನಾಳಕ್ಕೆ ಇಳಿದೀತು. ಶಿಶುವನ್ನು ತೊಡೆಯ ಮೇಲೆ ಅರೆಕುಳ್ಳಿರಿಸಿ, ಒಳಲೆಯ ಕೊಕ್ಕನ್ನು ಬಾಯಿಯ ಮೂಲೆಗೆ ತಾಗಿಸಿ, ತೊಟ್ಟುತೊಟ್ಟಾಗಿ ಬಿಟ್ಟು, ನುಂಗಿತೆಂದು ಕಂಡಮೇಲೆ ಮುಂದಿನ ತೊಟ್ಟು.

ಕೊಳ್ಳುವಾಗ ಕೊಕ್ಕಿನ ಅಂಚಿನ ಮೇಲೆ ಬೆರಳಾಡಿಸಿ ನೋಡಬೇಕು, ಎಲ್ಲಿಯೂ ಹರಿತವಿರಬಾರದು. ಕೆತ್ತನೆಯ ಬೆಳ್ಳಿಯದಕ್ಕಿಂತ ನುಣುಪಾದ ಉಕ್ಕಿನದು ಮೇಲು, ಕೆತ್ತನೆಯ ಗೀರುಗಳಲ್ಲಿ ಹಾಲಿನ ಜಿಡ್ಡು ನಿಲ್ಲುತ್ತದೆ. ಎರಡನ್ನು ಕೊಂಡರೆ ಒಂದು ಕುದಿಯುತ್ತಿರುವಾಗ ಇನ್ನೊಂದು ಬಳಕೆಗೆ ಒದಗೀತು. ಪ್ರತಿಸಲವೂ ಸಾಬೂನಿನಿಂದ ತೊಳೆದು ಹತ್ತು ನಿಮಿಷ ಕುದಿಸಬೇಕು. ಕೆಲವು ವಾರಗಳಲ್ಲಿ ಕೂಸು ಎದೆಯನ್ನು ತಾನೇ ಹುಡುಕಿ ಹೀರತೊಡಗುತ್ತದೆ; ಆಗ ಒಳಲೆಯನ್ನು ಒರಸಿ ಪೆಟ್ಟಿಗೆಗೆ ಸೇರಿಸಬಹುದು.