ಅಡಕೆಯ ತೋಟದಿಂದ ಆಂಗ್ಲ ನಿಘಂಟಿಗೆ

ಪುತ್ತೂರು, ಸುಳ್ಯ, ಕಡಬಗಳ ತೋಟಗಳಲ್ಲಿ ಅಡಕೆ ಹೆಕ್ಕುವವರಿಗೆ ‘ಅರೀಕ’ ಎಂಬುದು ಅಪರಿಚಿತ ಶಬ್ದ. ಆದರೆ ಇಂಗ್ಲಿಷಿನ ಈ ಅಪೂರ್ವ ಪದವು ಅಡಕೆಯ ಬಂಧುವೇ ಆಗಿದೆ. ಕನ್ನಡದ ‘ಅಡಕೆ’ಯೂ ಮಲೆಯಾಳದ ‘ಅಡಕ್ಕ’ವೂ ಒಡಹುಟ್ಟುಗಳು. ಮಲೆಯಾಳದ ಮಾತನ್ನು ಪೋರ್ಚುಗೀಸರು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಇಂಗ್ಲಿಷರು ಅವರಿಂದ ಎರವಲು ಪಡೆದರು.

1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಈ ವಂಶಾವಳಿಯನ್ನು ಬರೆದಿಟ್ಟಿದ್ದಾರೆ. ಅಡಕೆಯನ್ನು ‘ಬೀಟಲ್ ನಟ್’ ಎನ್ನುವ ರೂಢಿಯು ಸರಿಯಲ್ಲವೆಂದೂ ಅವರು ಸೂಚಿಸಿದ್ದಾರೆ. ‘ಬೀಟಲ್’ ಬಂದುದು ಮಲೆಯಾಳದ ‘ವೆಟ್ಟಿಲ’ದಿಂದ, ಅದರ ಅರ್ಥ ವೀಳ್ಯದೆಲೆ. ಹರಿವಾಣದಲ್ಲಿ ಎಲೆಯ ಪಕ್ಕದಲ್ಲಿ ಕುಳಿತ ತಪ್ಪಿಗೆ ಅಡಕೆಗೆ ಎಲೆಯ ಹೆಸರೇ ಅಂಟಿತು! ತೋಟದ ಮನೆಯ ಮಗುವೂ ಮಾಡದ ಪ್ರಮಾದವಿದು.

ಹೆಸರೇನೋ ಕಡಲಾಚೆ ಸುರಕ್ಷಿತವಾಗಿದೆ. ಇತ್ತ ಸುಳ್ಯದ ಅನೇಕ ತೋಟಗಳಲ್ಲಿ ಹಳದಿ ಎಲೆ ರೋಗದಿಂದ ಮರಗಳೇ ಸೊರಗುತ್ತಿವೆ. ತಲೆಮಾರುಗಳಿಂದ ಅಡಕೆಯನ್ನೇ ನಂಬಿದ ಕೃಷಿಕರು ಬೇರೆ ಬೆಳೆಯತ್ತ ನೋಡುವಂತಾಗಿದೆ. ನಿಘಂಟು ಶಬ್ದವನ್ನು ಕಾಯಬಲ್ಲದು. ಮರವನ್ನು ಕಾಯುವ ಹೊಣೆ ತೋಟದವರದೂ ಕೃಷಿವಿಜ್ಞಾನಿಗಳದೂ ಆಗಿದೆ.