ಮೊದಲು ಹೊಟ್ಟೆಗೆ ಬೀಳಲಿ

ನಾಯಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ ಬದುಕು-ಸಾವಿನದು. ಎರಡನೆಯದು ಊಟದ್ದು. 'ಡಾಕ್ಟ್ರೇ, ಅನ್ನ ನಿಲ್ಲಿಸ್ಬೇಕಾ? ಅರಿಸಿನ ಹಾಕ್ಬೇಕಾ? ಇದಕ್ಕಂತಲೇ ಮಾಡಿದ ಆಹಾರ ಸಿಗುತ್ತಾ?' ಈ ಪ್ರಶ್ನೆಗೆ ಪಶುವೈದ್ಯರ ಹತ್ತಿರ ಉತ್ತರವೇ ಇರದ ಕಾಲವಿತ್ತು. ಆಮೇಲೆ ತುಂಬ ಖಚಿತವಾದ ಒಂದು ಉತ್ತರ ಬಂತು. ಇವತ್ತಿನ ಉತ್ತರ ಅದಕ್ಕಿಂತ ಸರಳ, ಆದರೆ ಅಲ್ಲಿಗೆ ಬರಲು ಬಹಳ ವರ್ಷ ಹಿಡಿಯಿತು.

ರೋಗಕ್ಕೆ ತಕ್ಕ ಆಹಾರ ಎಂಬ ಯೋಚನೆ ಸಾಕುಪ್ರಾಣಿಗಳ ಮಟ್ಟಿಗೆ ಶುರುವಾದದ್ದು ಕ್ಯಾನ್ಸರ್‌ನಿಂದಲ್ಲ, ಮೂತ್ರಪಿಂಡದಿಂದ. ಅಮೆರಿಕದ ನ್ಯೂಜೆರ್ಸಿಯ ಪಶುವೈದ್ಯ ಮಾರ್ಕ್ ಮಾರಿಸ್ ಬಳಿಗೆ 1939ರ ಹೊತ್ತಿಗೆ ಅಂಧ ಯುವಕ ಮಾರಿಸ್ ಫ್ರಾಂಕ್ ತನ್ನ ದಾರಿತೋರುವ ನಾಯಿ ಬಡ್ಡಿಯನ್ನು ಕರೆತಂದ. ಅದರ ಮೂತ್ರಪಿಂಡ ಸೋಲುತ್ತಿತ್ತು. ವೈದ್ಯ ಮಾರಿಸ್ ಬರೆದುಕೊಟ್ಟದ್ದು ಔಷಧವನ್ನಲ್ಲ, ಅಡುಗೆಯನ್ನು. 1948ರಲ್ಲಿ ಅದೇ ಅಡುಗೆ ಕ್ಯಾನ್ಸಸ್‌ನ ಟೊಪೀಕಾದ ಹಿಲ್ ಕಂಪನಿಯ ಡಬ್ಬಿಯಾಗಿ ಹೊರಬಂತು. ವೈದ್ಯರ ಚೀಟಿಯ ಮೇಲೆ ನಾಯಿಯ ಊಟ ಮಾರುವ ಉದ್ಯಮ ಹುಟ್ಟಿದ್ದು ಹೀಗೆ.

ಕ್ಯಾನ್ಸರ್‌ನ ಕಡೆಯ ಎಳೆ ಜರ್ಮನಿಯದು. ಗೆಡ್ಡೆಯ ಜೀವಕೋಶಗಳು ಆಮ್ಲಜನಕ ಇದ್ದರೂ ಸಕ್ಕರೆಯನ್ನು ಅರೆಬರೆ ಉರಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆಂದು ವಿಜ್ಞಾನಿ ಆಟೊ ವಾರ್ಬರ್ಗ್ 1920ರ ದಶಕದಲ್ಲಿ ತೋರಿಸಿದ್ದ. ಅದನ್ನು ನಾಯಿಯ ತಟ್ಟೆಗೆ ತಂದವರು ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಗ್ರೆಗರಿ ಓಗಿಲ್ವಿ ಮತ್ತು ಸಂಗಡಿಗರು. ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಬಂದ ನಾಯಿಗಳ ರಕ್ತದಲ್ಲಿ ಲ್ಯಾಕ್ಟೇಟ್, ಇನ್ಸುಲಿನ್ ಎರಡೂ ಹೆಚ್ಚಿರುವುದನ್ನು ಅವರು ಕಂಡರು. ಚಿಕಿತ್ಸೆಗೆ ಗಂಟು ಕರಗಿದರೂ ಈ ಏರುಪೇರು ಇಳಿಯುತ್ತಿರಲಿಲ್ಲ. ಹಾಗಾದರೆ ಪಿಷ್ಟ ಕಡಿಮೆ ಮಾಡಿ, ಕೊಬ್ಬು ಹೆಚ್ಚಿಸಿ, ಮೀನೆಣ್ಣೆ ಬೆರೆಸಿದರೆ? 2000ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 32 ನಾಯಿಗಳಿದ್ದವು. ಎಲ್ಲಕ್ಕೂ ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್, ಒಂದು ಗುಂಪಿಗೆ ಮೀನೆಣ್ಣೆ ಮತ್ತು ಆರ್ಜಿನಿನ್ ಎಂಬ ಅಮೈನೊ ಆಮ್ಲ, ಇನ್ನೊಂದಕ್ಕೆ ಸೋಯಾ ಎಣ್ಣೆ. ರಕ್ತದಲ್ಲಿ ಮೀನೆಣ್ಣೆಯ ಕೊಬ್ಬಿನಾಮ್ಲ ಹೆಚ್ಚಿದಷ್ಟೂ ಮೂರನೆಯ ಹಂತದ ಲಿಂಫೋಮಾದ ನಾಯಿಗಳು ಹೆಚ್ಚು ಕಾಲ ಚೆನ್ನಾಗಿದ್ದವು.

ಇದು ಒಂದೇ ರೋಗದ, ಒಂದು ಹಂತದ, ಕೆಲವೇ ನಾಯಿಗಳ ಫಲಿತಾಂಶ. ಬಾಯಿಂದ ಬಾಯಿಗೆ ಹರಡುವಾಗ ಅದು 'ಅನ್ನ ಕೊಟ್ಟರೆ ಕ್ಯಾನ್ಸರ್ ಬೆಳೆಯುತ್ತೆ' ಎಂದಾಯಿತು. ಗೆಡ್ಡೆಯನ್ನು ಉಪವಾಸ ಕೆಡವುವ ಆಸೆ ಎಷ್ಟು ಬಲವಾಗಿತ್ತೆಂದರೆ, ನಾಯಿಯೇ ಉಪವಾಸ ಬೀಳುವುದು ಯಾರ ಕಣ್ಣಿಗೂ ಬೀಳದಂತಾಯಿತು. ಈ ಮಾತು ಇವತ್ತಿಗೂ ಮನೆಮನೆಗಳಲ್ಲಿ ನಾಯಿಗಳ ಬಾಯಿಂದ ತುತ್ತು ಕಸಿಯುತ್ತಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ದಿಕ್ಕು ಬದಲಾದದ್ದು ನಾಯಿಗಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡಿದಾಗ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಕ್ಯಾನ್ಸರ್ ವಿಭಾಗಕ್ಕೆ ಬಂದ 100 ನಾಯಿಗಳನ್ನು ಕ್ಯಾಥರಿನ್ ಮಿಶೆಲ್ ಮತ್ತವರ ತಂಡ ಪರೀಕ್ಷಿಸಿ 2004ರಲ್ಲಿ ವರದಿ ಮಾಡಿತು. ಎಲುಬುಗೂಡಾದ ನಾಯಿಗಳು ಬೆರಳೆಣಿಕೆಯಷ್ಟು. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ನಾಯಿಗಳು ದಢೂತಿ. ಅಪಾಯ ಇರುವುದು ಇಲ್ಲೇ. ಮೇಲೆ ಕೊಬ್ಬಿದ್ದರೆ ಒಳಗೆ ಮಾಂಸಖಂಡ ಕರಗುವುದು ಕಣ್ಣಿಗೆ ಕಾಣದು. ಬೆನ್ನುಮೂಳೆಯ ಎರಡೂ ಬದಿ, ಭುಜದ ಎಲುಬಿನ ಮೇಲೆ, ಕಣ್ಣು-ಕಿವಿಯ ನಡುವಿನ ಜಾಗದಲ್ಲಿ ಬೆರಳಾಡಿಸಬೇಕು. ಏಣು ಕೈಗೆ ಸಿಕ್ಕಿದರೆ, ಗುಂಡಿ ಬಿದ್ದಿದ್ದರೆ ಮಾಂಸಖಂಡ ಹೋಗುತ್ತಿದೆ ಎಂದರ್ಥ. ಬೆಕ್ಕುಗಳಲ್ಲಂತೂ ಹೀಗೆ ಸೊರಗುವುದು ಇನ್ನೂ ಹೆಚ್ಚು.

ಮಾಂಸಖಂಡ ಉಳಿಯಬೇಕಾದರೆ ನಾಯಿ ತಿನ್ನಬೇಕು. ಅದು ತಿನ್ನದಿರಲು ಕಾರಣ ಹೆಚ್ಚಾಗಿ ಹಟವಲ್ಲ, ಹೊಟ್ಟೆ ತೊಳಸುವುದು. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್ ಲಿಂಫೋಮಾಕ್ಕೂ, ನಮ್ಮ ಬೀದಿನಾಯಿಗಳಲ್ಲಿ ಕಾಣುವ, ಕೂಡುವಾಗ ಹರಡುವ ಗಡ್ಡೆಗೂ ಮುಖ್ಯ ಔಷಧ. ಅದೇ ಔಷಧ ಕರುಳಿನ ಚಲನೆಯನ್ನು ನಿಧಾನಿಸುತ್ತದೆ. ನಾಯಿಗಳ ವಾಂತಿ ತಡೆಯಲೆಂದೇ ಮರೊಪಿಟಂಟ್‌ಗೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಕ್ಕಿತು; ಹಸಿವು ಹುಟ್ಟಿಸುವ ಕ್ಯಾಪ್ರೊಮೊರೆಲಿನ್‌ಗೆ 2016ರಲ್ಲಿ. ಯಾವ ವಿಶೇಷ ಆಹಾರಕ್ಕಿಂತಲೂ ಈ ಎರಡು ಔಷಧಗಳು ಹೆಚ್ಚು ತಟ್ಟೆಗಳನ್ನು ಖಾಲಿ ಮಾಡಿಸಿವೆ ಎಂದೇ ನನ್ನ ನಂಬಿಕೆ.

ಇನ್ನೊಂದು ಪಾಠ ಇಲಿಗಳಿಂದ ಬಂತು. ಸಿಹಿನೀರು ಕುಡಿಸುತ್ತ ವಿಕಿರಣ ತಾಗಿಸಿದರೆ ಇಲಿಗಳು ಮತ್ತೆ ಆ ನೀರನ್ನು ಮುಟ್ಟುವುದಿಲ್ಲವೆಂದು ಸಂಶೋಧಕ ಜಾನ್ ಗಾರ್ಸಿಯಾ 1955ರಲ್ಲಿ ತೋರಿಸಿದ. 1978ರಲ್ಲಿ ಸಂಶೋಧಕಿ ಐಲೀನ್ ಬರ್ನ್‌ಸ್ಟೀನ್ ಕಿಮೊಥೆರಪಿಗೆ ಮುಂಚೆ ಹೊಸ ರುಚಿಯ ಐಸ್‌ಕ್ರೀಂ ತಿಂದ ಮಕ್ಕಳಲ್ಲೂ ಇದನ್ನೇ ಕಂಡಳು. ಆದ್ದರಿಂದ ಇಂಜೆಕ್ಷನ್ ದಿನ ನಾಯಿ ತುಟಿ ನೆಕ್ಕುತ್ತ, ಜೊಲ್ಲು ಸುರಿಸುತ್ತ, ಮೂಸಿ ಮುಖ ತಿರುಗಿಸಿದರೆ, ಅದಕ್ಕೆ ಪ್ರಾಣವಾದ ತಿಂಡಿಯನ್ನು ಬಾಯಿಗೆ ತುರುಕಬಾರದು. ಆ ತಿಂಡಿಯೇ ಅದಕ್ಕೆ ವಾಕರಿಕೆಯಾಗಿಬಿಡುತ್ತದೆ.

ಮನೆ ಅಡುಗೆಯ ಮಾತಿಗೆ ಬಂದರೆ, ಟಫ್ಟ್ಸ್ ವಿಶ್ವವಿದ್ಯಾಲಯದವರು 2012ರಲ್ಲಿ ಕ್ಯಾನ್ಸರ್ ಬಂದ ನಾಯಿಗಳಿಗೆಂದು ಚಾಲ್ತಿಯಲ್ಲಿದ್ದ 27 ಮನೆಪಾಕಗಳನ್ನು ಲೆಕ್ಕ ಹಾಕಿದರು. ಎಲ್ಲ ಪೋಷಕಾಂಶ ತುಂಬಿಕೊಡುವ ಒಂದೂ ಅದರಲ್ಲಿರಲಿಲ್ಲ. ನಮ್ಮ ಮೊಸರನ್ನದ ಲೆಕ್ಕವನ್ನು ನೀವೇ ಹಾಕಿ ನೋಡಬಹುದು. ನಾಯಿಯ ತೂಕ 16 ಕಿಲೋ ಅನ್ನಿ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 16×16×16 ಒತ್ತಿದರೆ 4096. ವರ್ಗಮೂಲ 64, ಅದರ ವರ್ಗಮೂಲ 8. ಇದನ್ನು 70ರಿಂದ ಗುಣಿಸಿದರೆ 560 ಕಿಲೋಕ್ಯಾಲರಿ: ಸುಮ್ಮನೆ ಮಲಗಿರುವ ನಾಯಿಗೂ ದಿನಕ್ಕೆ ಬೇಕಾದ ಶಕ್ತಿ. 300 ಗ್ರಾಂ ಅನ್ನ, 150 ಗ್ರಾಂ ಮೊಸರು ಕಲಸಿದರೆ ಸುಮಾರು 480 ಬರುತ್ತದೆ, ಕೊರತೆ ಸಣ್ಣದು. ಆದರೆ ಪ್ರೋಟೀನ್ 13 ಗ್ರಾಂ ಆಸುಪಾಸು; ಬೇಕಾದುದರ ಅರ್ಧ. ಬೇಯಿಸಿದ, ಮೂಳೆ ತೆಗೆದ ಕೋಳಿಮಾಂಸ 100 ಗ್ರಾಂ ಸೇರಿಸಿದರೆ ಪ್ರೋಟೀನಿನ ಕೊರತೆ ನೀಗುತ್ತದೆ. ಕ್ಯಾಲ್ಸಿಯಂ, ಸತುವಿನಂಥವನ್ನು ವೈದ್ಯರೇ ಹೇಳಬೇಕು. ಈರುಳ್ಳಿ-ಬೆಳ್ಳುಳ್ಳಿ ಒಗ್ಗರಣೆ ಬೇಡ, ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹಸಿ ಮಾಂಸವೂ ಬೇಡ: ಕಿಮೊಥೆರಪಿಯಲ್ಲಿ ಬಿಳಿ ರಕ್ತಕಣ ಕುಸಿದ ದೇಹವನ್ನು ಕೆಡವಲು ಅದರಲ್ಲಿನ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಕು.

ಇಷ್ಟಾದರೂ ಮುಟ್ಟದಿದ್ದರೆ ಕತ್ತಿನ ಬದಿಯಿಂದ ಅನ್ನನಾಳಕ್ಕೆ ಇಳಿಸುವ ಕೊಳವೆಯಿದೆ. ಹೆಸರು ಕೇಳಿ ಅನೇಕರು ಅಳುತ್ತಾರೆ. ಅದು ಸಾವಿನ ಮುನ್ಸೂಚನೆಯಲ್ಲ. ಅರಿವಳಿಕೆ ಕೊಟ್ಟು ಹಾಕುವ, ಊಟ-ಮಾತ್ರೆ ಎರಡಕ್ಕೂ ಆಗುವ, ಬಾಯಿಂದ ತಿನ್ನಲು ಅಡ್ಡಿಮಾಡದ, ಬೇಡವಾದಾಗ ತೆಗೆಯುವ ದಾರಿ. ಬೆಕ್ಕಿನ ವಿಷಯದಲ್ಲಿ ಈ ತೀರ್ಮಾನ ತಡವಾಗಲೇಬಾರದು. ಕೆಲವೇ ದಿನ ಊಟ ಬಿಟ್ಟರೂ, ಅದರಲ್ಲೂ ದಪ್ಪಗಿರುವ ಬೆಕ್ಕಾದರೆ, ದೇಹದ ಕೊಬ್ಬು ಯಕೃತ್ತಿಗೆ ನುಗ್ಗಿ ಅದನ್ನೇ ಕೆಡಿಸುತ್ತದೆ. 'ನಾಳೆ ತಿಂದೀತು' ಎಂದು ಮೂರನೆಯ ದಿನದವರೆಗೆ ಕಾಯಬೇಡಿ. ಒಂದು ಇಡೀ ದಿನ ತಟ್ಟೆ ಮುಟ್ಟದಿದ್ದರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ.