ಟಿಕೇಟು ಕಾಯುತ್ತದೆ, ವಯಸ್ಸು ಕಾಯುವುದಿಲ್ಲ

ನಿವೃತ್ತರ ಮನೆಯ ಬೀರುವಿನಲ್ಲಿ ಪೆನ್ಷನ್ ಪುಸ್ತಕ, ಎಲ್.ಐ.ಸಿ. ಬಾಂಡು, ಮಗಳ ಮದುವೆಯ ಛತ್ರದ ರಸೀದಿ ಇವುಗಳ ನಡುವೆ 2020ರ ಏಪ್ರಿಲ್ ಅಥವಾ ಮೇ ತಿಂಗಳ ರೈಲು ಟಿಕೇಟಿನ ಪ್ರತಿಯೊಂದು ಇನ್ನೂ ಮಡಚಿಟ್ಟಿದ್ದರೆ ಆಶ್ಚರ್ಯವಿಲ್ಲ. ಆಗ ರೈಲಿನಲ್ಲಿ 120 ದಿನ ಮುಂಚಿತವಾಗಿ ಸೀಟು ಕಾಯ್ದಿರಿಸಬಹುದಿತ್ತು. ಬೇಸಿಗೆಯಲ್ಲಿ ಕಾಶಿಗೋ ಹರಿದ್ವಾರಕ್ಕೋ ಹೋಗಬೇಕೆಂದವರು ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೇ ಟಿಕೇಟು ಮಾಡಿಸಿದ್ದರು. ಕೇರಳದಲ್ಲಿ ದೇಶದ ಮೊದಲ ಕೋವಿಡ್ ಪ್ರಕರಣ ಪತ್ತೆಯಾದದ್ದು ಜನವರಿ 30ರಂದು. ಮಾರ್ಚ್ 22ರಿಂದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಮೂರು ದಿನ ಕಳೆದು ಇಡೀ ದೇಶಕ್ಕೇ ಬೀಗ ಬಿತ್ತು.

ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ನಡೆದ ಮಾತು ಹೆಚ್ಚುಕಡಿಮೆ ಒಂದೇ. 'ಈ ವರ್ಷ ಬೇಡಪ್ಪ, ಮುಂದಿನ ವರ್ಷ ಹೋದರಾಯಿತು' ಎಂದು ಮಗ ಹೇಳುತ್ತಾನೆ. 'ಮುಂದಿನ ವರ್ಷ ನಿನಗೆ ಇದೆ ಕಣೋ' ಎಂದು ಅಪ್ಪ ಸುಮ್ಮನಾಗುತ್ತಾರೆ. ಇಬ್ಬರೂ ಹೇಳುತ್ತಿರುವುದು ನಿಜವೇ. ಮೂವತ್ತೈದರ ಮಗನಿಗೆ ಒಂದು ವರ್ಷವೆಂದರೆ ಮುಂದೆ ಬರಲಿರುವ ಹತ್ತಾರು ವರ್ಷಗಳಲ್ಲಿ ಒಂದು. ಎಪ್ಪತ್ತರ ಅಪ್ಪನಿಗೆ ಅದು ಮಂಡಿ ಮಾತು ಕೇಳುವ, ಕಣ್ಣು ಕಾಣುವ, ಜೊತೆಗೆ ಹೆಂಡತಿ ಇರುವ ಕೆಲವೇ ವರ್ಷಗಳಲ್ಲಿ ಒಂದು. ಸಾಂಕ್ರಾಮಿಕದ ಕಾಲದಲ್ಲಿ ಹಿರಿಯರು ಪ್ರವಾಸಕ್ಕೆ ಹಾತೊರೆದದ್ದನ್ನು ಹಲವರು ಹಟವೆಂದೂ ಅಜಾಗರೂಕತೆಯೆಂದೂ ಕರೆದರು. ಅದರ ಹಿಂದೆ ಈ ಲೆಕ್ಕವಿತ್ತು ಎಂಬುದನ್ನು ಗಮನಿಸಿದವರು ಕಡಿಮೆ.

ನಮ್ಮಲ್ಲಿ ದೊಡ್ಡ ಪ್ರವಾಸ ಎನ್ನುವುದೇ ಮುಂದೂಡುತ್ತ ಬಂದ ವಸ್ತು. ಮಕ್ಕಳ ಓದು, ತಂಗಿಯ ಮದುವೆ, ಸೈಟಿನ ಕಂತು, ಮನೆ ಕಟ್ಟಿದ ಸಾಲ ಇವೆಲ್ಲ ತೀರಿ, ನಿವೃತ್ತಿಯ ಹಣ ಕೈಗೆ ಬಂದ ಮೇಲೆ 'ಒಂದು ಸಲ ಕಾಶಿಗೆ ಹೋಗಿ ಬರೋಣ' ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಹಾಗಾಗಿ ಯಾತ್ರಾ ತಂಡಗಳ ಬಸ್ಸಿನಲ್ಲಿ, ಅಡುಗೆಯವರನ್ನೂ ಸಾರಿನ ಪುಡಿಯನ್ನೂ ಜೊತೆಗೆ ಕಟ್ಟಿಕೊಂಡು ಹೊರಡುವ ಗುಂಪುಗಳಲ್ಲಿ ಕಾಣುವುದು ಬಹುತೇಕ ನರೆತ ತಲೆಗಳೇ. ಅವರ ಮಟ್ಟಿಗೆ ಮುಂಗಡ ಕಟ್ಟುವುದೂ ಪ್ರವಾಸದ ಒಂದು ಭಾಗವೇ. ದಿನ ನೋಡುವುದು, ಬೀಗರಿಗೆ ತಿಳಿಸುವುದು, ಸ್ವೆಟರ್ ಕೊಳ್ಳುವುದು, ಪಕ್ಕದ ಮನೆಯವರು ಗಂಗಾಜಲ ತರಲು ಹೇಳುವುದು ಹೀಗೆ ನಾಲ್ಕು ತಿಂಗಳು ಮನೆಯಲ್ಲಿ ಒಂದು ಗೆಲುವು ತುಂಬಿರುತ್ತದೆ. ಟಿಕೇಟು ರದ್ದಾದಾಗ ಹೋದದ್ದು ಹತ್ತು ದಿನದ ತಿರುಗಾಟ ಮಾತ್ರವಲ್ಲ.

ರೋಗ ಮತ್ತು ಯಾತ್ರೆಯ ಈ ಗುದ್ದಾಟ ಹೊಸದೇನಲ್ಲ. ಕಾಲ್ನಡಿಗೆಯ ಕಾಲದಲ್ಲಿ ಕಾಶಿಗೆ ಹೊರಟವರು ಮರಳಿ ಬರುವ ಭರವಸೆ ಇಟ್ಟುಕೊಳ್ಳುತ್ತಿರಲಿಲ್ಲ. ಆಸ್ತಿಯ ವ್ಯವಸ್ಥೆ ಮಾಡಿ, ಊರಿನವರಿಂದ ಬೀಳ್ಕೊಡುಗೆ ಪಡೆದು ಹೋಗುತ್ತಿದ್ದರು. ಬಂದರೆ ಕಾಶಿ ಸಮಾರಾಧನೆ, ಬಾರದಿದ್ದರೆ ಅಲ್ಲೇ ಮುಕ್ತಿ. ರೈಲು ಈ ಲೆಕ್ಕವನ್ನು ಬದಲಿಸಿತು. 1864ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ರೈಲು ಬಂತು, 1887ರಲ್ಲಿ ಕಾಶಿಯಲ್ಲಿ ಗಂಗೆಗೆ ಅಡ್ಡಲಾಗಿ ರೈಲು ಸೇತುವೆ ತೆರೆಯಿತು. ಹೋದವರು ಮರಳಿ ಬಂದು ಮೊಮ್ಮಕ್ಕಳಿಗೆ ಕಾಶಿದಾರ ಕಟ್ಟುವುದು ಸಾಮಾನ್ಯ ಸಂಗತಿಯಾಯಿತು.

ಆದರೆ ಯಾತ್ರಿಕರನ್ನು ಒಯ್ದ ಅದೇ ರೈಲು ರೋಗವನ್ನೂ ಒಯ್ಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯನ್ನು ಹೊಕ್ಕು, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. 1897ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದು, ರೈಲು ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುವ, ಶಂಕಿತರನ್ನು ಪ್ರತ್ಯೇಕವಾಗಿ ಇಡುವ ಅಧಿಕಾರ ಪಡೆಯಿತು. ಸ್ಟೇಷನ್ನುಗಳಲ್ಲಿ ಹೆಂಗಸರನ್ನೂ ಮುದುಕರನ್ನೂ ಸಾಲಾಗಿ ನಿಲ್ಲಿಸಿ ಕಂಕುಳು ಮುಟ್ಟಿ ನೋಡುತ್ತಿದ್ದ ರೀತಿ ಜನರನ್ನು ಕೆರಳಿಸಿತು. ಅದೇ ವರ್ಷ ಮುಂಬಯಿಯಿಂದ ಹೊರಡುವ ಹಜ್ ಹಡಗುಗಳನ್ನೂ ನಿಲ್ಲಿಸಲಾಯಿತು. ಗಮನಾರ್ಹ ಸಂಗತಿಯೆಂದರೆ, 2020ರಲ್ಲಿ ಕರ್ನಾಟಕ ಸರಕಾರ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಸಹ ಆ 1897ರ ಕಾಯಿದೆಯ ಬಲದಿಂದಲೇ.

ಎರಡು ಕಾಲಗಳ ನಡುವೆ ಒಂದು ವ್ಯತ್ಯಾಸವಿದೆ. ಪ್ಲೇಗಿನ ಕಾಲದಲ್ಲಿ ಪ್ರಯಾಣಿಕನ ಊರು ಯಾವುದೆಂದು ಕೇಳುತ್ತಿದ್ದರು. ಕೋವಿಡ್ ಕಾಲದಲ್ಲಿ ವಯಸ್ಸನ್ನೂ ಕೇಳಿದರು.

ಅದಕ್ಕೆ ಕಾರಣವಿತ್ತು. ಹೊಸ ವೈರಾಣು ಹಿರಿಯರನ್ನೇ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿತ್ತು. ದೇಶದಲ್ಲಿ ಕೋವಿಡ್‌ನಿಂದ ಸತ್ತರೆಂದು ದಾಖಲಾದ ಮೊದಲ ವ್ಯಕ್ತಿ ಕಲಬುರಗಿಯ ಹಿರಿಯರು, ವಿದೇಶ ಪ್ರಯಾಣ ಮುಗಿಸಿ ಬಂದವರು. ಅದಕ್ಕೂ ಒಂದು ತಿಂಗಳು ಮೊದಲು ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆದು ನಿಲ್ಲಿಸಿದ 'ಡೈಮಂಡ್ ಪ್ರಿನ್ಸೆಸ್' ವಿಹಾರ ನೌಕೆಯಲ್ಲಿ 3,711 ಜನರ ಪೈಕಿ 712 ಮಂದಿಗೆ ಸೋಂಕು ತಗುಲಿತ್ತು. ಆ ಪ್ರಯಾಣಿಕರಲ್ಲಿ ಬಹಳಷ್ಟು ಜನ ಅರವತ್ತು ದಾಟಿದವರು. ಕೇಂದ್ರ ಗೃಹ ಸಚಿವಾಲಯದ 2020ರ ಮೇ 1ರ ಆದೇಶದಲ್ಲಿ 65 ವರ್ಷ ಮೀರಿದವರು, ಗರ್ಭಿಣಿಯರು ಹಾಗೂ ಹತ್ತು ವರ್ಷದೊಳಗಿನ ಮಕ್ಕಳು ಅಗತ್ಯ ಕೆಲಸಕ್ಕೆ ಮತ್ತು ಚಿಕಿತ್ಸೆಗೆ ಹೊರತು ಮನೆ ಬಿಡಬಾರದೆಂದು ಹೇಳಲಾಗಿತ್ತು. ಜೂನ್‌ನಲ್ಲಿ ತಿರುಮಲದ ಬಾಗಿಲು ಭಕ್ತರಿಗೆ ತೆರೆದಾಗಲೂ 65 ದಾಟಿದವರಿಗೆ ಪ್ರವೇಶವಿರಲಿಲ್ಲ. ಜೀವನವಿಡೀ ಮನೆಯ ಯಜಮಾನಿಕೆ ಮಾಡಿದವರನ್ನು ಒಂದೇ ವಾಕ್ಯದಲ್ಲಿ ಹತ್ತು ವರ್ಷದ ಮಕ್ಕಳ ಸಾಲಿಗೆ ಸೇರಿಸಿದ್ದು ವೈದ್ಯಕೀಯವಾಗಿ ಸರಿಯಿದ್ದರೂ ಹಲವರಿಗೆ ಚುಚ್ಚಿತು.

ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುವ ವಾರಿಯಂತೂ ಆ ವರ್ಷ ಇರಲೇ ಇಲ್ಲ. ಸಂತರ ಪಾದುಕೆಗಳು ಬಸ್ಸಿನಲ್ಲಿ ಹೋದವು. ವರ್ಷ ತಪ್ಪದೆ ನಡೆದವರು ಮನೆಯ ಪಡಸಾಲೆಯಲ್ಲಿ ತಾಳ ಹಿಡಿದು ಕೂತರು.

<b>ಮೊದಲಿಗರು ಕೊನೆಯವರಾದದ್ದು</b>

ವಯಸ್ಸಿನ ಗೆರೆ ಎಷ್ಟು ಕಟುವಾಗಿ ಬೀಳಬಹುದೆಂಬುದಕ್ಕೆ ಹಜ್ ಯಾತ್ರೆ ಒಳ್ಳೆಯ ಉದಾಹರಣೆ. ಭಾರತದ ಹಜ್ ಸಮಿತಿಯ ಮೂಲಕ ಹೋಗುವವರನ್ನು ಸಾಮಾನ್ಯವಾಗಿ ಲಾಟರಿ ಎತ್ತಿ ಆರಿಸುತ್ತಾರೆ. ಆದರೆ 70 ದಾಟಿದವರಿಗೆ ಲಾಟರಿಯ ಹಂಗಿಲ್ಲದೆ, ಜೊತೆಗೊಬ್ಬರೊಡನೆ ಹೋಗುವ ವಿಶೇಷ ಅವಕಾಶವಿತ್ತು. ಕಾಯಲು ಕಾಲವಿಲ್ಲದವರಿಗೆ ಮೊದಲ ಮಣೆ ಎಂಬುದು ಆ ನಿಯಮದ ಹಿಂದಿನ ವಿವೇಕ. 2020ರಲ್ಲಿ ಹೊರದೇಶದವರಾರೂ ಬರಬಾರದೆಂದು ಸೌದಿ ಅರೇಬಿಯ ತೀರ್ಮಾನಿಸಿದಾಗ ಭಾರತದ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿದಾರರು ಉಳಿದುಬಿಟ್ಟರು. ಕಟ್ಟಿದ ಹಣ ಕಡಿತವಿಲ್ಲದೆ ವಾಪಸು ಬಂತು. 2021ರಲ್ಲಿಯೂ ಹೊರಗಿನವರಿಗೆ ಅವಕಾಶವಿಲ್ಲ. 2022ರಲ್ಲಿ ಬಾಗಿಲು ತೆರೆಯಿತು, ಆದರೆ 65ರೊಳಗಿನವರಿಗೆ ಮಾತ್ರ! ಸಾಲಿನಲ್ಲಿ ಮೊದಲು ನಿಂತಿದ್ದವರೇ ಸಾಲಿನಿಂದ ಹೊರಬಿದ್ದರು. ಮಿತಿ ತೆಗೆದದ್ದು 2023ರಲ್ಲಿ. 2020ರಲ್ಲಿ 72 ಆಗಿದ್ದವರಿಗೆ ಆಗ 75. ಆ ಮೂರು ವರ್ಷಗಳಲ್ಲಿ ಅವರ ಆರೋಗ್ಯ ಏನಾಗಿತ್ತು, ಜೊತೆಗೆ ಬರಬೇಕಿದ್ದವರು ಇದ್ದರೋ ಇಲ್ಲವೋ ಎಂಬುದು ಪ್ರತಿ ಮನೆಯ ಬೇರೆ ಬೇರೆ ಕಥೆ.

ಇನ್ನು ಹಣದ ಮಾತು. ರೈಲ್ವೆ ರದ್ದಾದ ಗಾಡಿಗಳ ಪೂರ್ತಿ ಹಣ ಕೊಟ್ಟಿತು. ಕೌಂಟರಿನಲ್ಲಿ ಕೊಂಡ ಟಿಕೇಟು ಮರಳಿಸುವ ಅವಧಿಯನ್ನು ಆರು ತಿಂಗಳಿಗೆ, ಆಮೇಲೆ ಒಂಬತ್ತು ತಿಂಗಳಿಗೆ ಏರಿಸಿತು. ವಿಮಾನದ ವ್ಯವಹಾರ ಅಷ್ಟು ಸರಳವಾಗಿರಲಿಲ್ಲ. ಹಲವು ವಿಮಾನ ಕಂಪನಿಗಳು ಹಣದ ಬದಲು 'ಕ್ರೆಡಿಟ್ ಶೆಲ್' ಎಂಬ ಖಾತೆ ತೋರಿಸಿದವು. ಎಂದರೆ ಹಣ ನಮ್ಮಲ್ಲೇ ಇರಲಿ, ಮುಂದೆ ಯಾವಾಗಲಾದರೂ ಪ್ರಯಾಣ ಮಾಡಿ ಎಂದರ್ಥ. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ಲಾಕ್‌ಡೌನ್ ಅವಧಿಯಲ್ಲೇ ಕೊಂಡ ಟಿಕೇಟುಗಳ ಹಣವನ್ನು ಮೂರು ವಾರದೊಳಗೆ ಹಿಂದಿರುಗಿಸಬೇಕೆಂದಿತು. ಉಳಿದವುಗಳ ವಿಷಯದಲ್ಲಿ, ಕೊಡಲು ಹಣವಿಲ್ಲದ ಕಂಪನಿಗಳು 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್ ಇಟ್ಟು, ಅದಕ್ಕೆ ತಿಂಗಳಿಗೆ ಶೇ. 0.5ರಂತೆ, ನಂತರ ಶೇ. 0.75ರಂತೆ ಸೇರಿಸುತ್ತ ಹೋಗಬೇಕೆಂದಿತು. ಬಡ್ಡಿಯೇನೋ ಬಂತು. ಆದರೆ ಮನೆಯಿಂದ ಹೊರಬೀಳಬೇಡಿ ಎಂದು ಒಂದು ಕಡೆ, ಇಷ್ಟು ದಿನದೊಳಗೆ ಹಾರಿ ಎಂದು ಇನ್ನೊಂದು ಕಡೆ ಹೇಳಿಸಿಕೊಂಡ ಹಿರಿಯರಿಗೆ ಅದು ಕೈಗೆ ಬಂದ ತುತ್ತಾಗಲಿಲ್ಲ.

ಅದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು ರೈಲಿನ ರಿಯಾಯಿತಿ. 60 ತುಂಬಿದ ಗಂಡಸರಿಗೆ ಶೇ. 40, 58 ತುಂಬಿದ ಹೆಂಗಸರಿಗೆ ಶೇ. 50ರಷ್ಟು ಇದ್ದ ರಿಯಾಯಿತಿಯನ್ನು 2020ರ ಮಾರ್ಚ್ 20ರಿಂದ ನಿಲ್ಲಿಸಲಾಯಿತು. ಅನಗತ್ಯ ಪ್ರಯಾಣ ತಡೆಯುವುದು ಆಗ ಕೊಟ್ಟ ಕಾರಣ. ರೋಗ ತಗ್ಗಿ ರೈಲುಗಳು ಮೊದಲಿನಂತೆ ತುಂಬಿ ಓಡತೊಡಗಿ ವರ್ಷಗಳೇ ಕಳೆದರೂ ಅದು ಮರಳಲಿಲ್ಲ. ನಿವೃತ್ತಿಗೆ ಸಮೀಪಿಸಿದ್ದ ಕೇಂದ್ರ ನೌಕರರ ಕಥೆ ಇನ್ನೂ ವಿಚಿತ್ರ. ಪ್ರಯಾಣವೇ ಇಲ್ಲದ ಕಾಲದಲ್ಲಿ ರಜಾ ಪ್ರಯಾಣ ಭತ್ಯೆಯನ್ನು ಏನು ಮಾಡುವುದೆಂಬ ಪ್ರಶ್ನೆಗೆ, ಪ್ರಯಾಣ ದರದ ಮೂರು ಪಟ್ಟು ಹಣಕ್ಕೆ ಶೇ. 12 ಅಥವಾ ಹೆಚ್ಚು ಜಿ.ಎಸ್.ಟಿ. ಇರುವ ಸಾಮಾನು ಕೊಂಡರೆ ಭತ್ಯೆ ಸಿಗುವುದೆಂದು 2020ರ ಅಕ್ಟೋಬರ್‌ನಲ್ಲಿ ಸರಕಾರ ಪ್ರಕಟಿಸಿತು. ಕನ್ಯಾಕುಮಾರಿಯ ಬದಲು ಮನೆಗೆ ಫ್ರಿಜ್ ಬಂತು.

<b>ಹೆದರಿದವರು ಯಾರು?</b>

ಈ ಕಾಲದಲ್ಲಿ ಹಿರಿಯರು ಹೆಚ್ಚು ಕಂಗಾಲಾಗಿದ್ದರು ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್‌ಸ್ಟೆನ್‌ಸನ್ ಮತ್ತು ಸಂಗಡಿಗರು 2020ರ ಏಪ್ರಿಲ್‌ನಲ್ಲಿ ತಮ್ಮ ದೇಶದಲ್ಲಿ ನಡೆಸಿದ ಸಮೀಕ್ಷೆ ಬೇರೆಯೇ ಹೇಳಿತು. ಅಪಾಯ ತಮಗೇ ಹೆಚ್ಚೆಂದು ತಿಳಿದಿದ್ದರೂ ಹಿರಿಯರ ಮನಸ್ಸು ಕಿರಿಯರಿಗಿಂತ ಸಮಾಧಾನದಿಂದಿತ್ತು. ಉಳಿದಿರುವ ಕಾಲ ಕಡಿಮೆ ಎಂಬ ಅರಿವು ಬಂದಂತೆ ಮನುಷ್ಯ ಬೇಡದ್ದನ್ನು ಬಿಟ್ಟು, ತನ್ನವರು ಮತ್ತು ತನಗೆ ಅರ್ಥವುಳ್ಳ ಕೆಲಸಗಳ ಕಡೆಗೆ ತಿರುಗುತ್ತಾನೆ ಎಂಬುದು ಕಾರ್‌ಸ್ಟೆನ್‌ಸನ್ ಅವರು ಬಹಳ ಹಿಂದಿನಿಂದ ಮಂಡಿಸುತ್ತ ಬಂದ ವಾದ. ಅಮೆರಿಕದ ಮಾತನ್ನು ನಮ್ಮ ಮಂಡ್ಯ, ಧಾರವಾಡಗಳಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೂ ಭಯ ಪಟ್ಟವರು ಹೆಚ್ಚಾಗಿ ಮಕ್ಕಳೇ ಎಂಬುದನ್ನು ಬಲ್ಲ ಮನೆಗಳು ಇಲ್ಲಿಯೂ ಸಾಕಷ್ಟಿವೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ ದಿನಕ್ಕೆ ಎರಡು ಸಲ ಫೋನು ಮಾಡಿ 'ಹೊರಗೆ ಹೋಗಬೇಡಿ' ಎನ್ನುತ್ತಿದ್ದ. ಮಕ್ಕಳಿಗೆ ಅದು ಕಾಳಜಿ, ಹಿರಿಯರಿಗೆ ಒಂದು ಬಗೆಯ ಗೃಹಬಂಧನ.

2021ರ ಮಾರ್ಚ್ 1ರಂದು 60 ದಾಟಿದವರಿಗೆ ಲಸಿಕೆ ಆರಂಭವಾದಾಗ ಮತ್ತೆ ಆಸೆ ಚಿಗುರಿತು. ಎರಡು ಚುಚ್ಚುಮದ್ದು ಆದ ಮೇಲೆ ಹೊರಡೋಣವೆಂದು ದಿನ ಎಣಿಸಿದವರಿದ್ದರು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಅಪ್ಪಳಿಸಿತು. ತಿಂಗಳ ಕೊನೆಗೆ ಕರ್ನಾಟಕ ಮತ್ತೆ ಮುಚ್ಚಿತು, ಉತ್ತರಾಖಂಡ ಚಾರ್‌ಧಾಮ ಯಾತ್ರೆಯನ್ನು ನಿಲ್ಲಿಸಿತು. ಅಪ್ಪನನ್ನು ತಡೆದದ್ದೇ ಒಳ್ಳೆಯದಾಯಿತು ಎಂದ ಮಗನ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಮನೆಯಲ್ಲೇ ಇದ್ದು ಸೋಂಕು ತಗುಲಿ ಹೋದವರ ಮಕ್ಕಳಿಗೆ ಮಾತ್ರ, ಅಮ್ಮ ಒಂದು ಸಲ ಕೇಳಿದ್ದಳು, ಕರೆದುಕೊಂಡು ಹೋಗಬಹುದಾಗಿತ್ತು ಎಂಬ ಕೊರಗು ಉಳಿಯಿತು. ಇದರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಸುಲಭವಲ್ಲ.

ತಡೆದು ನಿಲ್ಲಿಸಿದ ನೀರು 2022ರಲ್ಲಿ ಒಮ್ಮೆಗೇ ನುಗ್ಗಿತು. ಆ ಬೇಸಿಗೆಯಲ್ಲಿ ಚಾರ್‌ಧಾಮಕ್ಕೆ ಹಿಂದೆಂದೂ ಕಾಣದ ನೂಕುನುಗ್ಗಲು. ಎತ್ತರದ ತೆಳು ಗಾಳಿಯಲ್ಲಿ ಹೃದಯಾಘಾತ ಮೊದಲಾದ ಕಾರಣಗಳಿಂದ ನೂರಕ್ಕೂ ಹೆಚ್ಚು ಯಾತ್ರಿಕರು ಸತ್ತರು. 50 ದಾಟಿದವರ ಆರೋಗ್ಯ ತಪಾಸಣೆಗೆ ಅಲ್ಲಿನ ಸರಕಾರ ಮುಂದಾಯಿತು. ಎರಡು ವರ್ಷ ಮನೆಯೊಳಗೆ ಕೂತು ನಡಿಗೆ ತಪ್ಪಿದ್ದ ಕಾಲುಗಳು ಬೆಟ್ಟ ಹತ್ತಲು ಹೊರಟಿದ್ದವು ಎಂಬುದನ್ನೂ ಇಲ್ಲಿ ನೆನೆಯಬೇಕು. ಅದೇ ವರ್ಷದ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿಗೆ ವಿಶೇಷ ಯಾತ್ರಾ ರೈಲು ಹೊರಟಿತು. ಪ್ರಯಾಣಿಕರು 15,000 ರೂಪಾಯಿ ಕೊಟ್ಟರೆ ರಾಜ್ಯ ಸರಕಾರ 5,000 ಸೇರಿಸುವ ಏರ್ಪಾಡು. ಜೋಡಿಯಾಗಿ ಹೋಗಲು 2020ರಲ್ಲಿ ಟಿಕೇಟು ಮಾಡಿಸಿ, ಈಗ ಒಂಟಿಯಾಗಿ ಹೋಗಿ ಗಂಗೆಯಲ್ಲಿ ಪಿಂಡ ಬಿಟ್ಟು ಬಂದವರ ಲೆಕ್ಕವನ್ನು ಯಾವ ಇಲಾಖೆಯೂ ಇಡುವುದಿಲ್ಲ.

ಕೈಲಾಸ ಮಾನಸ ಸರೋವರದ ಯಾತ್ರೆಯದು ಎಲ್ಲಕ್ಕಿಂತ ದೀರ್ಘ ಕಾಯುವಿಕೆ. 1981ರಿಂದ ವಿದೇಶಾಂಗ ಸಚಿವಾಲಯ ನಡೆಸಿಕೊಂಡು ಬಂದಿದ್ದ, ಕರ್ನಾಟಕ ಸರಕಾರವೂ ಸಹಾಯಧನ ಕೊಡುತ್ತಿದ್ದ ಈ ಯಾತ್ರೆ 2020ರಲ್ಲಿ ಕೋವಿಡ್‌ನಿಂದ ನಿಂತಿತು. ಆಮೇಲೆ ಚೀನಾದೊಡನೆ ಗಡಿಯ ಬಿಕ್ಕಟ್ಟು ಸೇರಿಕೊಂಡಿತು. ಮತ್ತೆ ಆರಂಭವಾದದ್ದು 2025ರ ಜೂನ್‌ನಲ್ಲಿ: ಲಿಪುಲೇಖ್ ಹಾದಿಯಲ್ಲಿ 50 ಜನರ ಐದು ತಂಡ, ನಾಥು ಲಾ ಹಾದಿಯಲ್ಲಿ 50 ಜನರ ಹತ್ತು ತಂಡ, ಒಟ್ಟು 750 ಮಂದಿ. ಅರ್ಜಿ ಹಾಕುವವರಿಗೆ ಆ ವರ್ಷದ ಜನವರಿ 1ಕ್ಕೆ 70 ವರ್ಷ ಮೀರಿರಬಾರದು ಎಂಬ ನಿಯಮ ಹಾಗೆಯೇ ಇತ್ತು. 2020ರ ಜನವರಿಯಲ್ಲಿ 66 ತುಂಬಿ, ನಿವೃತ್ತಿಯ ಹಣ ತೆಗೆದಿಟ್ಟು, ಬೆಳಿಗ್ಗೆ ಬೆಳಿಗ್ಗೆ ಲಾಲ್‌ಬಾಗಿನಲ್ಲೋ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೋ ನಡೆದು ತಯಾರಾಗುತ್ತಿದ್ದವರಿಗೆ 2025ರ ಜನವರಿಯಲ್ಲಿ 71 ಆಗಿತ್ತು.